ಬದಲು, ಬದಲಿ, ಬದಲಾವಣೆ: ಒಂದು ಪದದ ಜಾತಿಚರಿತ್ರೆ

‘ಬದಲಾವಣೆ’ ಎನ್ನುವುದು ಕನ್ನಡದ ಬೇರಿನಿಂದ ಹುಟ್ಟಿದ ಪದವಲ್ಲ. ಅರಬ್ಬಿಯ ‘ಬದಲ್’ ಪಾರಸಿಯನ್ನು ಹಾದು, ದಖ್ಖನಿ-ಮರಾಠಿಗಳ ದಫ್ತರದ ಭಾಷೆಯ ಬೆನ್ನೇರಿ ನಮ್ಮಲ್ಲಿಗೆ ಬಂತು. ಬಂದ ಮೇಲೆ ಬದಲು, ಬದಲಿ, ಬದಲಾಗು, ಬದಲಾಯಿಸು ಎಂದು ಕವಲೊಡೆದು ನಮ್ಮದೇ ಆಯಿತು. ಜಮೀನು, ಕಚೇರಿ, ದರಖಾಸ್ತು, ರುಜುವಾತು ಬಂದದ್ದೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ. ಪದ ಹೊರಗಿನದು ಎಂಬುದು ನನ್ನ ತಕರಾರಲ್ಲ (ತಕರಾರೂ ಹೊರಗಿನದೇ). ನಾನು ಗಮನಿಸಬೇಕೆಂದಿರುವುದು ಅದರ ಮೂಲದ ಅರ್ಥವನ್ನು. ಬದಲ್ ಎಂದರೆ ಒಂದರ ಜಾಗಕ್ಕೆ ಇನ್ನೊಂದು. ಜಾಗ ಇದ್ದಲ್ಲೇ ಇರುತ್ತದೆ, ಆ ಜಾಗದಲ್ಲಿ ನಿಲ್ಲುವವನು ಮಾತ್ರ ಬೇರೆಯಾಗುತ್ತಾನೆ. ‘ಅಕ್ಕಿ ಬದಲು ರಾಗಿ ತಗೋ’ ಅನ್ನುವಾಗ ನಾವು ಈಗಲೂ ಇದೇ ಅರ್ಥದಲ್ಲಿ ಆಡುತ್ತೇವೆ.

ಕಾಲೇಜಿನ ವ್ಯಾಕರಣದ ಪುಸ್ತಕಗಳಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಇರುತ್ತದೆ. ಬದಲಾವಣೆ ಅಂದರೆ ಮಾರ್ಪಾಡು, ಪರಿವರ್ತನೆ, ರೂಪಾಂತರ, ವ್ಯತ್ಯಾಸ. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ, ನಾನೂ ಅಂಕ ಹಾಕುತ್ತೇನೆ. ಆದರೆ ಇವು ಯಾವುವೂ ಒಂದಕ್ಕೊಂದು ಸಮಾನವಲ್ಲ ಎಂಬುದು ನಮ್ಮ ಕೇರಿಗಳ ಚರಿತ್ರೆಯನ್ನು ನೋಡಿದವರಿಗೆ ಗೊತ್ತಾಗುತ್ತದೆ. ಕಳೆದ ನೂರಿಪ್ಪತ್ತು-ಮೂವತ್ತು ವರ್ಷಗಳಲ್ಲಿ ಅಸ್ಪೃಶ್ಯರ ಬಗ್ಗೆ ಮಾತಾಡಿದ ಒಬ್ಬೊಬ್ಬರೂ ಬದಲಾವಣೆಗೆ ಒಂದೊಂದು ಹೆಸರು ಇಟ್ಟರು. ಸುಧಾರಣೆ ಅಂದರು, ಉದ್ಧಾರ ಅಂದರು, ಪರಿವರ್ತನೆ ಅಂದರು, ಕ್ರಾಂತಿ ಅಂದರು. ಯಾರು ಯಾವ ಹೆಸರಿಟ್ಟರು ಎಂಬುದರಲ್ಲೇ ಅವರು ಎಲ್ಲಿ ನಿಂತು ಮಾತಾಡಿದರು ಎಂಬುದು ಅಡಗಿದೆ. ದಲಿತ ವಿಮರ್ಶೆ ಇದುವರೆಗೆ ‘ಯಾರು ಬರೆದರು, ಯಾರ ಬಗ್ಗೆ ಬರೆದರು’ ಎಂಬ ಪ್ರಶ್ನೆಯನ್ನು ಸಾಕಷ್ಟು ಕೇಳಿದೆ. ಆ ವಾಕ್ಯದಲ್ಲಿ ಕರ್ತೃ ಯಾರು, ಕರ್ಮ ಯಾರು ಎಂಬ ಹಳ್ಳಿ ಮೇಷ್ಟ್ರ ಪ್ರಶ್ನೆಯನ್ನು ಅಷ್ಟಾಗಿ ಕೇಳಿಲ್ಲ. ನಾನು ಇಲ್ಲಿ ಅದನ್ನೇ ಕೇಳಲು ಹೊರಟಿದ್ದೇನೆ.

ಮೊದಲಿಗೆ ‘ಬದಲಿ’. ಈ ಪದವನ್ನು ನಾನು ಮೊದಲು ಕೇಳಿದ್ದು ಪುಸ್ತಕದಲ್ಲಲ್ಲ, ಜೀತದ ಕತೆಯಲ್ಲಿ. ನಮ್ಮ ತಾತ ಚಾಮರಾಜನಗರದ ಕಡೆಯ ಒಂದು ಹಳ್ಳಿಯಲ್ಲಿ ಜೀತಕ್ಕಿದ್ದವರು. ಜ್ವರ ಬಂದು ಮಲಗಿದಾಗ ಯಜಮಾನರ ಮನೆಯಿಂದ ಹೇಳಿಕೆ ಬರುತ್ತಿತ್ತಂತೆ: ‘ಏಳಕಾಗ್ದಿದ್ರೆ ಬದ್ಲಿಗೆ ಹೈದನ್ನ ಕಳ್ಸು.’ ಹೈದ ಅಂದರೆ ನಮ್ಮ ದೊಡ್ಡಪ್ಪ, ಆಗ ಒಂಬತ್ತೋ ಹತ್ತೋ ವರ್ಷ. ಮೂರು ದಿನದ ಬದಲಿ ಮೂರು ವರ್ಷವಾಯಿತು. ಇದನ್ನು ಹೇಳುವಾಗ ನಮ್ಮಜ್ಜಿ ಅಳುತ್ತಿರಲಿಲ್ಲ, ಲೆಕ್ಕ ಹೇಳಿದ ಹಾಗೆ ಹೇಳುತ್ತಿದ್ದಳು: ‘ಆಳು ಬದ್ಲಾದ, ಜೀತ ಎಲ್ ಬದ್ಲಾಯ್ತು?’ ಬದಲ್ ಪದದ ಮೂಲಾರ್ಥವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಕೋಶವನ್ನು ನಾನು ಕಂಡಿಲ್ಲ. ಜೀತವನ್ನು ರದ್ದು ಮಾಡುವ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ ಬಂತು, 1976ರಲ್ಲಿ ಕಾಯ್ದೆಯಾಯಿತು. ಅಲ್ಲಿಯವರೆಗೆ ಸಾಲ ತೀರುವುದಕ್ಕಿಂತ ಮೊದಲು ತಲೆಮಾರು ತೀರುತ್ತಿತ್ತು, ಒಂದು ತಲೆಯ ಜಾಗಕ್ಕೆ ಇನ್ನೊಂದು ತಲೆ.

ಇದು ಹಳ್ಳಿಯ ಮಾತಷ್ಟೇ ಎಂದು ತಿಳಿಯಬೇಡಿ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ‘ಬದಲಿ’ ಎಂದೇ ಕರೆಯುವ ಕಾರ್ಮಿಕರ ಒಂದು ದಂಡೇ ಇತ್ತು. ದಿನಾ ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ನಿಂತು, ಖಾಯಂ ಕೆಲಸಗಾರ ಬಾರದಿದ್ದರೆ ಅವನ ಜಾಗಕ್ಕೆ ಹೋಗುವವರು. ಆ ಗಿರಣಿಗಳೊಳಗೂ ಒಂದು ಜಾಗ ಇತ್ತು, ಅದಕ್ಕೆ ನಮ್ಮವರನ್ನು ಬದಲಿಯಾಗಿಯೂ ಬಿಡುತ್ತಿರಲಿಲ್ಲ: ನೇಯ್ಗೆ ವಿಭಾಗ. ಲಾಳಿಯ ತೂತಿನೊಳಗೆ ನೂಲನ್ನು ಬಾಯಿಂದ ಎಳೆಯಬೇಕಿತ್ತು. ಅಸ್ಪೃಶ್ಯನ ಎಂಜಲು ತಾಗಿದ ಲಾಳಿಯನ್ನು ಸವರ್ಣ ಕಾರ್ಮಿಕ ಮುಟ್ಟುವುದಿಲ್ಲ. ಕೂಲಿ ಹೆಚ್ಚಿದ್ದದ್ದು ನೇಯ್ಗೆಯಲ್ಲೇ. 1928ರ ಮಹಾ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದಿಟ್ಟರು. ಕಾರ್ಮಿಕ ವರ್ಗದ ಒಗ್ಗಟ್ಟಿನ ಬಗ್ಗೆ ಭಾಷಣ ಬಿಗಿಯುವವರು ಈ ಎಂಜಲಿನ ಚರಿತ್ರೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಅಚ್ಚಗನ್ನಡದ ಪದ ಯಾವುದು? ಮಾರ್ಪಡು, ಮಾರ್ಪಾಡು. ಇದರ ‘ಮಾರ್’ ಎಂಬುದಕ್ಕೆ ಇನ್ನೊಂದು, ಎದುರಿನದು ಎಂಬರ್ಥ. ಮಾರ್ದನಿ, ಮಾರುವೇಷಗಳಲ್ಲಿ ಇರುವುದೂ ಇದೇ. ತಮಿಳಿನಲ್ಲಿ ಇದೇ ಧಾತುವಿಗೆ ಬದಲಾಗು ಎಂಬ ಅರ್ಥ ಇವತ್ತಿಗೂ ಬದುಕಿದೆ. ಕನ್ನಡದಲ್ಲಿ ಏನಾಯಿತು ಗೊತ್ತೇ? ಹಳಗನ್ನಡದಲ್ಲಿ ಶಕಟರೇಫದಲ್ಲಿ ಬರೆಯುತ್ತಿದ್ದ ಆ ‘ಮಾಱು’ ಧಾತು ನಮ್ಮಲ್ಲಿ ವಿಕ್ರಯಕ್ಕೆ ನಿಂತುಬಿಟ್ಟಿತು. ಮಾರು ಅಂದರೆ ದುಡ್ಡು ತೆಗೆದುಕೊಂಡು ಕೊಡು. ಕೈ ಬದಲಾಗುವುದೇ ಮಾರಾಟ ತಾನೆ. ಭಾಷಾಶಾಸ್ತ್ರಜ್ಞರಿಗೆ ಇದು ಸಹಜವಾದ ಅರ್ಥ ಸಂಕೋಚ. ಆದರೆ ಎರಡೆಕರೆ ದರಖಾಸ್ತು ಜಮೀನು ಮಗಳ ಮದುವೆಗೆ ಕೈಬಿಟ್ಟುಹೋದ ಮನೆಯಲ್ಲಿ ಹುಟ್ಟಿದ ನನಗೆ, ಕನ್ನಡದ ‘ಬದಲಾಗು’ ಹೋಗಿ ‘ಮಾರು’ ಆದದ್ದು ಬರೀ ಸ್ವಾರಸ್ಯದ ಸಂಗತಿಯಾಗಿ ಕಾಣುವುದಿಲ್ಲ.

ಇನ್ನು ‘ಸುಧಾರಣೆ’. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿ ಪ್ರಾಂತದ ವಿದ್ಯಾವಂತರ ನಡುವೆ ಓಡಾಡಿ, ಮರಾಠಿಯ ಪ್ರಭಾವದಲ್ಲಿ ಧಾರವಾಡ-ಬೆಳಗಾವಿಗಳ ಮೂಲಕ ಕನ್ನಡದ ಪತ್ರಿಕೆಗಳಿಗೆ ಹೊಕ್ಕ ಪದ ಇದು. ಮಹಾದೇವ ಗೋವಿಂದ ರಾನಡೆಯವರಂಥವರು ಸಮಾಜ ಸುಧಾರಣೆ ಎಂದಾಗ ಅವರ ಕಣ್ಣಮುಂದೆ ಇದ್ದದ್ದು ವಿಧವಾ ವಿವಾಹ, ಬಾಲ್ಯವಿವಾಹ ತಡೆ, ಹೆಣ್ಣುಮಕ್ಕಳ ಓದು. ಇದನ್ನು ಅಲ್ಲಗಳೆಯುತ್ತಿಲ್ಲ. ಅಷ್ಟಕ್ಕೇ ಪೂನಾದ ಸನಾತನಿಗಳು ಕೆಂಡವಾದರು. 1895ರ ಪೂನಾ ಕಾಂಗ್ರೆಸ್ಸಿನಲ್ಲಿ ಸಾಮಾಜಿಕ ಪರಿಷತ್ತಿಗೆ ಚಪ್ಪರ ಕೊಟ್ಟರೆ ಸುಟ್ಟುಹಾಕುತ್ತೇವೆ ಎಂಬ ಬೆದರಿಕೆ ಬಂತು. ಈ ಪ್ರಸಂಗವನ್ನು ಅಂಬೇಡ್ಕರ್ ‘ಜಾತಿ ವಿನಾಶ’ದಲ್ಲಿ ನೆನೆದು, ತಕ್ಷಣ ಒಂದು ಗೆರೆ ಎಳೆಯುತ್ತಾರೆ. ಹಿಂದೂ ಕುಟುಂಬದ ಸುಧಾರಣೆ ಬೇರೆ, ಹಿಂದೂ ಸಮಾಜವನ್ನು ಬಿಚ್ಚಿ ಮತ್ತೆ ಕಟ್ಟುವ ಸುಧಾರಣೆ ಬೇರೆ. ಸೋತದ್ದು ಮೊದಲನೆಯದು, ಎರಡನೆಯದು ಅಲ್ಲಿ ಅಜೆಂಡಾದಲ್ಲೇ ಇರಲಿಲ್ಲ. ಒಂದೇ ಪದದ ಹೊಟ್ಟೆಯಲ್ಲಿ ಎರಡು ಚರಿತ್ರೆ ಇರುವುದನ್ನು ತೋರಿಸಿದ ವಾಕ್ಯ ಅದು, ನಮ್ಮ ವಿಮರ್ಶೆಯ ಮೊದಲ ಪಾಠ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲಕ್ಕಾಗಿ ಬರೆದ ಆ ಭಾಷಣವನ್ನು ಅವರಿಗೆ ಓದಲು ಬಿಡಲಿಲ್ಲ. ಹೆಸರಿನಲ್ಲೇ ‘ತೋಡಕ್’ ಎಂದಿಟ್ಟುಕೊಂಡವರು, ಮುರಿಯುವವರು! ಕೊನೆಗೆ ಮುರಿದದ್ದು ಸಭೆಯನ್ನು. ಅಂಬೇಡ್ಕರ್ ತಾವೇ ಅಚ್ಚು ಹಾಕಿಸಿ ಹಂಚಿದರು.

ಕನ್ನಡದ ಆಡುಮಾತಿನಲ್ಲಿ ಸುಧಾರಣೆಗೆ ಇನ್ನೊಂದು ಬದುಕಿದೆ. ಜ್ವರದಿಂದ ಎದ್ದವನನ್ನು ‘ಈಗ ಸುಧಾರಿಸ್ಕೊಂಡ’ ಅನ್ನುತ್ತೇವೆ. ಏದುಸಿರು ಬಿಡುತ್ತಾ ಬಂದವನಿಗೆ ‘ಸ್ವಲ್ಪ ಸುಧಾರಿಸ್ಕೊಳ್ಳಪ್ಪ’ ಅನ್ನುತ್ತೇವೆ. ಅಂದರೆ ಕೂತ್ಕೊ, ಅವಸರ ಬೇಡ. ನಮ್ಮವರಿಗೆ ಭೂಸುಧಾರಣೆ ಸಿಕ್ಕಿದ್ದು ಈ ಎರಡನೆಯ ಅರ್ಥದಲ್ಲೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ದೇವರಾಜ ಅರಸು ಕಾಲದ 1974ರ ತಿದ್ದುಪಡಿ ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಕಾನೂನಿನ ಬಲ ಬಂತು. ಆದರೆ ಆ ಕಾನೂನಿನ ಕಣ್ಣಿಗೆ ‘ಉಳುವವನು’ ಎಂದರೆ ಗೇಣಿದಾರ. ಗೇಣಿಚೀಟಿ ಇದ್ದವನು, ಇಲ್ಲವೇ ಗೇಣಿದಾರನೆಂದು ಸಾಕ್ಷಿ ಹೇಳಿಸಬಲ್ಲವನು. ಆ ಗೇಣಿದಾರನ ಹೊಲದಲ್ಲೂ ಕೂಲಿಗೆ ಹೋಗುತ್ತಿದ್ದ ನಮ್ಮ ತಾತ ಯಾವ ಭೂನ್ಯಾಯಮಂಡಳಿಯ ಮುಂದೆ ಯಾವ ನಮೂನೆ ತುಂಬಿಸಬೇಕಿತ್ತು? ನೇಗಿಲು ಹಿಡಿದವನು ಉಳುವವನಲ್ಲ ಎಂದಾಯಿತು. ಮುಂದೆ 2020ರಲ್ಲಿ ಅದೇ ಭೂಸುಧಾರಣಾ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂತು. 79ಎ, 79ಬಿ ಕಲಂಗಳು ಹೋದವು, ರೈತರಲ್ಲದವರೂ ಆದಾಯದ ಮಿತಿಯಿಲ್ಲದೆ ಕೃಷಿಭೂಮಿ ಕೊಳ್ಳಬಹುದಾಯಿತು. 1974ರದ್ದೂ ತಿದ್ದುಪಡಿ, 2020ರದ್ದೂ ತಿದ್ದುಪಡಿ. ಪದಕೋಶ ಏನು ಮಾಡಬೇಕು ಹೇಳಿ.

‘ಉದ್ಧಾರ’ದ ಕತೆ ಇದಕ್ಕಿಂತ ರುಚಿಯಾಗಿದೆ. ಉದ್ ಎಂದರೆ ಮೇಲಕ್ಕೆ, ‘ಹೃ’ ಎಂದರೆ ಒಯ್ಯು, ತೆಗೆ. ಮೇಲೆತ್ತುವುದು ಉದ್ಧಾರ. ಇದೇ ‘ಹೃ’ ಧಾತುವಿನಿಂದಲೇ ಅಪಹಾರ, ಸಂಹಾರ, ಪರಿಹಾರ ಹುಟ್ಟಿವೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಸತ್ತವನ ಮನೆಗೆ ಕೊಡುವ ಪರಿಹಾರವೂ, ಅವನ ಸಂಹಾರವೂ, ಅವನ ಉದ್ಧಾರಕ್ಕೆಂದು ಇಟ್ಟ ಯೋಜನೆಯೂ ಸಂಸ್ಕೃತದಲ್ಲಿ ಒಂದೇ ಮನೆತನದವು. ಪೂಜೆಯ ತಟ್ಟೆಯಲ್ಲಿ ಪಂಚಪಾತ್ರೆಯ ಜೊತೆ ಇರುವ ಪುಟ್ಟ ಚಮಚಕ್ಕೆ ‘ಉದ್ಧರಣೆ’ ಎನ್ನುತ್ತಾರೆ. ಪಾತ್ರೆಯಿಂದ ನೀರನ್ನು ಮೇಲೆತ್ತಿ, ಕೆಳಗೆ ಚಾಚಿದ ಕೈಗೆ ಮುಟ್ಟದಂತೆ ಬಿಡುವ ಸಾಧನ. ಇಷ್ಟು ಸಾಕಿತ್ತು ಉದ್ಧಾರದ ಚಿತ್ರ ಬಿಡಿಸಲು. ಆದರೆ ಅದಕ್ಕೊಬ್ಬ ಬಡ ನೆಂಟನೂ ಇದ್ದಾನೆ. ಉತ್ತರ ಕರ್ನಾಟಕದ ಕಿರಾಣಿ ಅಂಗಡಿಗಳಲ್ಲಿ ‘ಉದ್ರಿ ಕೇಳಬೇಡಿ’ ಎಂದು ಬೋರ್ಡು ಹಾಕಿರುತ್ತಾರಲ್ಲ, ಆ ಉದ್ರಿ, ಹಿಂದಿಯ ಉಧಾರ್, ಎಲ್ಲದರ ಮೂಲ ಈ ಉದ್ಧಾರವೇ. ಸಾಲ!

ಗಾಂಧೀಜಿಯವರು ಈ ನೆಂಟಸ್ತಿಕೆಯನ್ನು ತಿಳಿದೇ ಮಾತಾಡಿದರೋ ಏನೋ. 1932ರ ಪೂನಾ ಒಪ್ಪಂದದ ಬೆನ್ನಿಗೆ ಹರಿಜನ ಸೇವಕ ಸಂಘ ಹುಟ್ಟಿತು. ಅದರ ಆಡಳಿತದಲ್ಲಿ ಅಸ್ಪೃಶ್ಯರೇ ಯಾಕಿಲ್ಲ ಎಂಬ ಪ್ರಶ್ನೆ ಎದ್ದಾಗ ಅವರ ಉತ್ತರದ ತಾತ್ಪರ್ಯ ಇಷ್ಟು: ಇದು ಸವರ್ಣರ ಪ್ರಾಯಶ್ಚಿತ್ತ. ಸಾಲಗಾರರು ನಾವು, ತೀರಿಸುವ ದಾರಿಯನ್ನು ನಾವೇ ಹುಡುಕಬೇಕು. ಕೇಳುವುದಕ್ಕೆ ದೊಡ್ಡ ಮಾತು. ಆದರೆ ಸಾಲ ಎಷ್ಟು, ಬಡ್ಡಿ ಎಷ್ಟು, ಕಂತು ಯಾವಾಗ ಎಂಬುದನ್ನು ಸಾಲಗಾರನೇ ನಿರ್ಧರಿಸುವ ಲೇವಾದೇವಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮ ತಾತನ ಸಾಲಕ್ಕೆ ಈ ಸೌಲಭ್ಯ ಇರಲಿಲ್ಲ. 1933-34ರ ಹರಿಜನ ಯಾತ್ರೆಯಲ್ಲಿ ಗಾಂಧೀಜಿ ಮೈಸೂರು ಸಂಸ್ಥಾನಕ್ಕೂ ದಕ್ಷಿಣ ಕನ್ನಡಕ್ಕೂ ಬಂದರು. ಹೋದಲ್ಲೆಲ್ಲ ‘ಹರಿಜನೋದ್ಧಾರ’ ಎಂಬ ಸಮಾಸ ಪದ ಬೆಳೆಯಿತು. ಅದನ್ನು ಬಿಡಿಸಿದರೆ ಹರಿಜನರ ಉದ್ಧಾರ, ಷಷ್ಠೀ ತತ್ಪುರುಷ. ಉದ್ಧಾರ ಮಾಡುವವನ ಹೆಸರು ಸಮಾಸದಲ್ಲಿ ಇಲ್ಲ, ಅವನು ಮೇಲೆ ನಿಂತಿದ್ದಾನೆ. ಡಿ.ಆರ್. ನಾಗರಾಜ್ ಇದನ್ನೇ ಆತ್ಮಶುದ್ಧಿ ಮತ್ತು ಆತ್ಮಗೌರವಗಳ ನಡುವಿನ ಮುಖಾಮುಖಿ ಎಂದು ಕರೆದರು. ಕೇರಿಯ ಜನ ಇನ್ನೂ ಚಿಕ್ಕದಾಗಿ ಹೇಳಿದ್ದಾರೆ. ನಮ್ಮಲ್ಲಿ ಉದ್ಧಾರ ಎಂಬ ಪದ ಒಳ್ಳೆಯ ಅರ್ಥದಲ್ಲಿ ಬಳಕೆಯಾಗುವುದೇ ಅಪರೂಪ. ‘ಇವ್ನು ಉದ್ಧಾರ ಆಗಲ್ಲ’ ಅಂದರೆ ಶಾಪ, ‘ದೊಡ್ದಾಗಿ ಉದ್ಧಾರ ಮಾಡ್ಬುಟ್ಟ’ ಅಂದರೆ ವ್ಯಂಗ್ಯ.

ಆದರೂ ಒಂದು ಮಾತು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಾಂಧೀಜಿ ಬರುವುದಕ್ಕೆ ಎಷ್ಟೋ ಮೊದಲು, 1897ರಲ್ಲಿ, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ತೆರೆದರು. ನಮ್ಮದೇ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ ಮುಂಬಯಿಯಲ್ಲಿ ಅಂಥದೇ ಸಂಸ್ಥೆ ಕಟ್ಟಿದ್ದು 1906ರಲ್ಲಿ. ರಂಗರಾಯರು ಸಾರಸ್ವತ ಬ್ರಾಹ್ಮಣರು. ಸ್ವಜಾತಿಯವರ ಬಹಿಷ್ಕಾರ ಉಂಡವರು. ಅವರ ಆಸೆಯೆಂದು ಆ ಕಡೆಯ ಜನ ಇವತ್ತೂ ಹೇಳುವ ಮಾತೊಂದಿದೆ: ತಮ್ಮ ಶಾಲೆಯಲ್ಲಿ ಓದಿದ ಮಗು ಮುಂದೆ ಕಾರಿನಲ್ಲಿ ಓಡಾಡುವಂತಾಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು. ಈ ಆಸೆಯ ವಾಕ್ಯರಚನೆಯನ್ನು ನೋಡಿ. ಓಡಾಡುವ ಕರ್ತೃ ದಲಿತ ಮಗು. ಕೆಳಗೆ ನಿಂತು ಧೂಳು ತಾಗಿಸಿಕೊಳ್ಳುವವರು ರಾಯರು. ಉದ್ಧಾರದ ಯುಗದಲ್ಲೇ ಉದ್ಧಾರದ ವ್ಯಾಕರಣವನ್ನು ತಲೆಕೆಳಗು ಮಾಡಿದ ಮನುಷ್ಯ ಎಂದು ನಾನು ಅವರನ್ನು ಗೌರವಿಸುತ್ತೇನೆ. ಸವರ್ಣರು ಮಾಡಿದ್ದೆಲ್ಲ ಹುಸಿ ಎಂದು ಸಾರಾಸಗಟಾಗಿ ತಳ್ಳಿಹಾಕುವುದು ಸುಲಭ, ವಿಮರ್ಶೆಗೆ ಆ ಸೋಮಾರಿತನ ಬೇಡ.

‘ಪರಿವರ್ತನೆ’ಗೆ ಬರೋಣ. ನಮ್ಮ ಸಂಘಟನೆಗಳ ಕರಪತ್ರಗಳಲ್ಲಿ ಅತಿ ಹೆಚ್ಚು ಅಚ್ಚಾದ ಪದ ಇದೇ ಇರಬೇಕು. ‘ವೃತ್’ ಎಂದರೆ ತಿರುಗು, ‘ಪರಿ’ ಎಂದರೆ ಸುತ್ತ. ಸುತ್ತು ಹಾಕಿ ಬರುವುದು ಪರಿವರ್ತನೆ. ಗಾಣದ ಎತ್ತೂ ಇದನ್ನೇ ಮಾಡುತ್ತದೆ. ಅಂಬೇಡ್ಕರ್ 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ಇಪ್ಪತ್ತೊಂದು ವರ್ಷ ಯೋಚಿಸಿ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಆ ದಿನವನ್ನು ಧರ್ಮ ಪರಿವರ್ತನೆಯ ದಿನ ಎಂದು ಪತ್ರಿಕೆಗಳು ಬರೆಯುತ್ತವೆ. ಆದರೆ ನಾಗಪುರದ ಜನ ಅದನ್ನು ಕರೆಯುವುದು ಧಮ್ಮಚಕ್ರ ಪ್ರವರ್ತನ ದಿನ ಎಂದು. ಸಾರನಾಥದಲ್ಲಿ ಬುದ್ಧ ಆಡಿದ ಮೊದಲ ಮಾತಿಗಿರುವ ಹೆಸರೂ ಅದೇ. ಧಾತು ಒಂದೇ, ಉಪಸರ್ಗ ಬೇರೆ. ‘ಪ್ರ’ ಎಂದರೆ ಮುಂದಕ್ಕೆ. ಚಕ್ರವನ್ನು ಮುಂದಕ್ಕೆ ಹೊರಳಿಸುವುದು ಪ್ರವರ್ತನ. ಅಚ್ಚುಮೊಳೆ ಜೋಡಿಸುವವನ ಕೈತಪ್ಪಿಗೆ ಒಂದು ‘ಪ್ರ’ ಹೋಗಿ ‘ಪರಿ’ ಆಗಬಹುದು. ಚರಿತ್ರೆಯಲ್ಲಿ ಅಷ್ಟು ಸುಲಭವಾಗಿ ಆಗುವುದಿಲ್ಲ. ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಎದ್ದುನಿಂತು ತಾವೇ ಉಚ್ಚರಿಸಿದ ಲಕ್ಷಾಂತರ ಜನ ಯಾರಿಂದಲೂ ಪರಿವರ್ತಿಸಲ್ಪಟ್ಟವರಲ್ಲ.

ಕರ್ಮಣಿ ಪ್ರಯೋಗದ ಈ ಹಟ ಕಾನೂನಿಗೂ ಅಂಟಿದೆ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಜನರ ಬಾಯಲ್ಲಿ ಮತಾಂತರ ನಿಷೇಧ ಕಾಯ್ದೆ, ಹೆಚ್ಚಿನ ಶಿಕ್ಷೆಗೆಂದು ಒಂದು ಪಟ್ಟಿ ಮಾಡಿತು: ಅಪ್ರಾಪ್ತರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು. ಇವರನ್ನು ‘ಮತಾಂತರಿಸಿದರೆ’ ಶಿಕ್ಷೆ ಜಾಸ್ತಿ. ನಾನು ಎಂ.ಎ. ಮಾಡಿ ಪಾಠ ಹೇಳುತ್ತಿದ್ದರೂ ಆ ಪಟ್ಟಿಯಲ್ಲಿ ಮಗುವಿನ ಪಕ್ಕ ಕೂತಿದ್ದೇನೆ. ನಾನು ಮತ ಬದಲಿಸುವವನಲ್ಲ, ಬದಲಿಸಲ್ಪಡುವವನು. 2023ರಲ್ಲಿ ಬಂದ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ಆ ವ್ಯಾಕರಣವನ್ನು ಹಿಂತೆಗೆದುಕೊಳ್ಳಲು ಯಾವ ಸಂಪುಟಕ್ಕೂ ಆಗುವುದಿಲ್ಲ ಅನ್ನಿ.

ಇದೇ ರೀತಿ ಒಂದು ಪದಕ್ಕಾಗಿ ಮನೆಗಳು ಉರಿದ ಚರಿತ್ರೆಯೊಂದು ನಮ್ಮ ಗಡಿಯಾಚೆಗೇ ಇದೆ. 1956ಕ್ಕೆ ಮೊದಲು ನಮ್ಮ ಬೀದರ್, ಗುಲಬರ್ಗಾ, ರಾಯಚೂರುಗಳ ಜೊತೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ಮರಾಠವಾಡಾ. ಅಂದಿನ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು ಕಟ್ಟಿ ಆ ಬರಡು ಸೀಮೆಗೆ ಉನ್ನತ ಶಿಕ್ಷಣ ತಂದವರು ಅಂಬೇಡ್ಕರ್. ಹಾಗಾಗಿ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಬೇಕೆಂದು ‘ನಾಮಾಂತರ’ ಚಳವಳಿ ಎದ್ದಿತು. 1978ರ ಜುಲೈ 27ರಂದು ಮಹಾರಾಷ್ಟ್ರದ ಶಾಸನಸಭೆಯ ಎರಡೂ ಸದನಗಳು ಒಪ್ಪಿದವು. ಒಪ್ಪಿದ್ದೇ ತಡ, ಹಳ್ಳಿಹಳ್ಳಿಗಳಲ್ಲಿ ದಲಿತರ ಕೇರಿಗಳಿಗೆ ಬೆಂಕಿ ಬಿತ್ತು. ಕೊಲೆಗಳಾದವು, ಜನ ಊರು ಬಿಟ್ಟರು. ವಿಶ್ವವಿದ್ಯಾಲಯದ ಬಾಗಿಲನ್ನೇ ಕಾಣದ ಕೂಲಿಯವರು ಅದರ ಬೋರ್ಡಿಗಾಗಿ ಸತ್ತರು. ಸರ್ಕಾರ ಹೆದರಿ ಕಡತ ಮುಚ್ಚಿಟ್ಟಿತು. ಹದಿನಾರು ವರ್ಷಗಳಾದ ಮೇಲೆ, 1994ರ ಜನವರಿ 14ರಂದು, ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯ ಎಂಬ ಹೆಸರು ಬಂತು. 1978ರಲ್ಲೂ 1994ರಲ್ಲೂ ಮುಖ್ಯಮಂತ್ರಿ ಒಬ್ಬರೇ, ಶರದ್ ಪವಾರ್. ಆದರೆ ಈ ಸಲ ಅದನ್ನು ನಾಮಾ‘ಂತರ’ ಎನ್ನಲಿಲ್ಲ, ‘ನಾಮವಿಸ್ತಾರ’ ಎಂದರು. ಬದಲಾಯಿಸಿಲ್ಲ, ಸ್ವಲ್ಪ ಉದ್ದ ಮಾಡಿದ್ದೇವೆ ಅಷ್ಟೇ ಎಂದು ಸವರ್ಣರ ಬೆನ್ನು ಸವರಿದ ಪದ ಅದು. ಸಮಾನಾರ್ಥಕ ಪದಗಳ ನಡುವಿನ ವ್ಯತ್ಯಾಸಕ್ಕೆ ಉದಾಹರಣೆ ಕೊಡಿ ಎಂದು ಪರೀಕ್ಷೆಯಲ್ಲಿ ಯಾರಾದರೂ ಕೇಳಿದರೆ ನಾನು ಇದನ್ನು ಬರೆಯುತ್ತೇನೆ. ಆ ದಿನ ಸಂಕ್ರಾಂತಿ ಬೇರೆ.

ಹೆಸರು ಬದಲಾವಣೆಯಲ್ಲಿ ನಾವು ಕನ್ನಡದವರೇನೂ ಹಿಂದೆ ಬಿದ್ದಿಲ್ಲ. 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಪಂಚಮ ಹೋಗಿ ಆದಿ ಕರ್ನಾಟಕ, ಆದಿ ದ್ರಾವಿಡ ಬಂತು. ಈ ನೆಲದ ಮೊದಲಿಗರು ನಾವು ಎಂಬ ಹೆಮ್ಮೆ ಅದರಲ್ಲಿತ್ತು, ನಿಜ. ಆದರೆ ಅದರಡಿ ಹೊಲೆಯರೂ ಮಾದಿಗರೂ ಕಲೆಸಿಹೋದರು. ಒಳಮೀಸಲಾತಿಗಾಗಿ ನಾಗಮೋಹನ ದಾಸ್ ಆಯೋಗ 2025ರಲ್ಲಿ ಮನೆಮನೆ ಸಮೀಕ್ಷೆ ಮಾಡಿದಾಗಲೂ ಆದಿ ಕರ್ನಾಟಕ ಎಂದಷ್ಟೇ ಬರೆಸಿದವರನ್ನು ಎಡಗೈಗೆ ಸೇರಿಸುವುದೋ ಬಲಗೈಗೆ ಸೇರಿಸುವುದೋ ಎಂಬ ಗೊಂದಲ ಉಳಿಯಿತು. ಇನ್ನು ಊರೊಳಗೆ ಬನ್ನಿ. ಹೊಲಗೇರಿ ಇದ್ದದ್ದು ಹರಿಜನ ಕಾಲೋನಿಯಾಯಿತು, ಹರಿಜನ ಕಾಲೋನಿ ಅಂಬೇಡ್ಕರ್ ನಗರವಾಯಿತು. ಬಸ್ಸಿಳಿದು ಅಲ್ಲಿಗೆ ದಾರಿ ಕೇಳಿದರೆ ಮೂರು ತಲೆಮಾರಿನವರೂ ಊರಾಚೆಯ ಅದೇ ದಿಕ್ಕಿಗೆ ಕೈ ತೋರಿಸುತ್ತಾರೆ. ಬದಲ್!

ಸಾಹಿತ್ಯ ವಿಮರ್ಶೆಯ ಮಾತನ್ನೂ ಆಡಬೇಕು, ಸಂಚಿಕೆ ಅದರದ್ದೇ. ನವೋದಯ-ನವ್ಯದ ವಿಮರ್ಶಕರಿಗೆ ಪ್ರಿಯವಾದ ಎರಡು ಪದಗಳು ‘ಸ್ಥಿತ್ಯಂತರ’ ಮತ್ತು ‘ಪಲ್ಲಟ’. ‘ಮರಳಿ ಮಣ್ಣಿಗೆ’ಯಲ್ಲಿ ಬ್ರಾಹ್ಮಣ ಕುಟುಂಬ ಮೂರು ತಲೆಮಾರು ಕಂಡರೆ ಸ್ಥಿತ್ಯಂತರ, ‘ಸಂಸ್ಕಾರ’ದ ಅಗ್ರಹಾರ ಅಲುಗಿದರೆ ಮೌಲ್ಯ ಪಲ್ಲಟ. ಕಳೆದುಕೊಳ್ಳಲು ಸ್ಥಿತಿ ಇದ್ದವನಿಗೆ ಸ್ಥಿತ್ಯಂತರ. ಚೋಮನಿಗೆ ಈ ಪದಗಳನ್ನು ಯಾರೂ ಬಳಸಿದ್ದನ್ನು ನಾನು ಓದಿಲ್ಲ. 1933ರ ‘ಚೋಮನ ದುಡಿ’ಯಲ್ಲಿ ಎತ್ತುಗಳಿವೆ, ನೆಲ ಇಲ್ಲ. ನೆಲಕ್ಕಾಗಿ ಜಾತಿ ಬಿಟ್ಟು ಪಾದ್ರಿಯ ಕಡೆ ಹೊರಟ ಚೋಮ ಪಂಜುರ್ಲಿಯ ಭಯಭಕ್ತಿಗೆ ಅರ್ಧ ದಾರಿಯಿಂದ ಹಿಂತಿರುಗುತ್ತಾನೆ. ಹಿಂತಿರುಗಿಸಿದ್ದು ಪಂಜುರ್ಲಿಯೋ, ಕಾರಂತರೋ? ಕಾರಂತರ ಕರುಳಿನ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಕನ್ನಡ ಕಾದಂಬರಿ ಅಸ್ಪೃಶ್ಯನಿಗೆ ಸಾವನ್ನು ಕೊಟ್ಟಷ್ಟು ಸಲೀಸಾಗಿ ಬದಲಾವಣೆಯನ್ನು ಕೊಡಲಿಲ್ಲ ಎಂಬುದಂತೂ ಇದೆ. ಮುಂದೆ 1973ರಲ್ಲಿ ‘ಭಾರತೀಪುರ’ ಬಂತು. ಅಲ್ಲಿ ಹೊಲೆಯರು ಸಾಲಿಗ್ರಾಮ ಮುಟ್ಟಬೇಕು, ಗುಡಿಗೆ ನುಗ್ಗಬೇಕು. ಯಾಕೆಂದರೆ ಇಂಗ್ಲೆಂಡಿನಿಂದ ಬಂದ ಜಗನ್ನಾಥನಿಗೆ ಬದಲಾಗಬೇಕಿದೆ. ಅನಂತಮೂರ್ತಿಯವರಿಗೆ ಈ ವಿಪರ್ಯಾಸ ಗೊತ್ತಿತ್ತು, ಕಾದಂಬರಿಯ ಬಲವೇ ಅದು. ಆದರೂ ವಾಕ್ಯದ ಕರ್ತೃ ಜಗನ್ನಾಥನೇ.

ಅದೇ 1973ರಲ್ಲಿ ದೇವನೂರ ಮಹಾದೇವರ ‘ದ್ಯಾವನೂರು’ ಕತೆಗಳು ಬಂದವು, ಕೇರಿಯ ಕನ್ನಡದಲ್ಲೇ. ಅದೇ ವರ್ಷ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಬೀದಿಗಳಲ್ಲಿ ಗಲಭೆ, ಹಾಸ್ಟೆಲುಗಳಲ್ಲಿ ದಲಿತ ಹುಡುಗರಿಗೆ ಏಟು, ಕೊನೆಗೆ ಅವರು ಮಂತ್ರಿ ಪದವಿ ಬಿಡಬೇಕಾಯಿತು. ಬೂಸಾ ಎಂದರೆ ದನದ ಮೇವು. ಬದಲಾವಣೆಗೆ ಇರುವ ಯಾವ ಸಂಸ್ಕೃತ ಪದವೂ ಮಾಡದ ಕೆಲಸವನ್ನು ಕೊಟ್ಟಿಗೆಯ ಈ ಪದ ಮಾಡಿತು. ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ಅದರ ಬಿಸಿಯಲ್ಲೇ. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಗೋಷ್ಠಿ ಬೇಕು ಎಂದಾಗ ಪರಿಷತ್ತು ಒಲ್ಲೆನೆಂದಿತು. ‘ಬಂಡಾಯ’ ಎಂಬ ಪದ ಸಾಹಿತ್ಯಕ್ಕೆ ಅಂಟಿದ್ದು ಆಗ. ಈ ಚರಿತ್ರೆ ಓದುಗರಿಗೆ ಗೊತ್ತಿರುವುದೇ, ಬೆಳೆಸುವುದಿಲ್ಲ. ‘ಕ್ರಾಂತಿ’ಯ ಬಗ್ಗೆ ಒಂದೇ ಮಾತು: ಹನ್ನೆರಡನೆಯ ಶತಮಾನಕ್ಕೆ ನಾವು ಕಲ್ಯಾಣ ಕ್ರಾಂತಿ ಎನ್ನುತ್ತೇವೆ, ಅದು ನಮ್ಮ ಕಾಲ ಇಟ್ಟ ಹೆಸರು. ಶರಣರು ಆಡಿದ್ದು ಪೂರ್ವಾಶ್ರಯ ಕಳೆಯುವ ಮಾತನ್ನು. ಕಳೆದುಕೊಂಡವರು ಬಹಳ. ಆದರೆ ಎಂಟುನೂರು ವರ್ಷಗಳ ನಂತರವೂ ನಾವು ಕರೆಯುವುದು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂದೇ.

ಇಷ್ಟೆಲ್ಲ ಆದ ಮೇಲೆ ಹಳ್ಳಿಯ ದಲಿತನಿಗೆ ‘ಬದಲಾವಣೆ’ ಎಂಬ ಪದ ನಿಜವಾಗಿ ಎದುರಾಗುವುದು ಎಲ್ಲಿ ಅಂದರೆ, ತಾಲ್ಲೂಕು ಕಚೇರಿಯಲ್ಲಿ. ಖಾತೆ ಬದಲಾವಣೆ. ಪಹಣಿಯಲ್ಲಿ ಒಂದು ಹೆಸರು ಹೋಗಿ ಇನ್ನೊಂದು ಬರುವುದು. ಇಲ್ಲಿ ಅರಬ್ಬಿಯ ಬದಲ್ ಪೂರ್ತಿ ಅರ್ಥದಲ್ಲಿ ಕೂತಿದೆ, ಜಾಗ ಅದೇ, ಯಜಮಾನ ಬೇರೆ. ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಹೀಗೆ ಕೈಜಾರುವುದನ್ನು ತಡೆಯಲು 1978ರಲ್ಲಿ ಒಂದು ಕಾಯ್ದೆ ಬಂತು, ಜನ ಅದನ್ನು ಪಿಟಿಸಿಎಲ್ ಎನ್ನುತ್ತಾರೆ. ಸರ್ಕಾರದ ಅಪ್ಪಣೆಯಿಲ್ಲದೆ ಮಾರಿದ್ದರೆ ಮಾರಾಟ ಅನೂರ್ಜಿತ, ಜಮೀನನ್ನು ಬಿಡಿಸಿ ವಾಪಸ್ ಕೊಡಿಸುವ ಅಧಿಕಾರ ಉಪವಿಭಾಗಾಧಿಕಾರಿಗೆ. ನಲವತ್ತು ವರ್ಷ ನಡೆಯಿತು. 2017ರಲ್ಲಿ ಸುಪ್ರೀಂ ಕೋರ್ಟು, ನ್ಯಾಯಯುತ ಅವಧಿಯೊಳಗೆ ಅರ್ಜಿ ಹಾಕಬೇಕಿತ್ತು ಎಂದಿತು. ಅವಧಿಯ ಹೆಸರಲ್ಲಿ ಸಾವಿರಾರು ಅರ್ಜಿಗಳು ಬಿದ್ದವು. ದಲಿತ ಸಂಘಟನೆಗಳು ಬೀದಿಗಿಳಿದು ಕೂತ ಮೇಲೆ 2023ರಲ್ಲಿ ಕಾಲಮಿತಿ ಅನ್ವಯಿಸುವುದಿಲ್ಲ ಎಂಬ ತಿದ್ದುಪಡಿ ಬಂತು.

ನಮ್ಮ ತಾತನ ಎರಡೆಕರೆಯೂ ಇಂಥದ್ದೇ. ಎಂಬತ್ತರ ದಶಕದಲ್ಲಿ ಮಾರಿದ್ದು, ಆಮೇಲೆ ಎರಡು ಕೈ ದಾಟಿ ಕೊನೆಯವರು ಅದಕ್ಕೆ ‘ಭೂಪರಿವರ್ತನೆ’ ಮಾಡಿಸಿದರು. ಕೃಷಿ ಜಮೀನು ಕೃಷಿಯೇತರವಾಗುವುದಕ್ಕೆ ಕಂದಾಯ ಇಲಾಖೆ ಇಟ್ಟಿರುವ ಹೆಸರು ಅದು. ಬದಲಿಗೆ ಹೋದ ಹೈದ, ನಮ್ಮ ದೊಡ್ಡಪ್ಪ, ಈಗ ಅರ್ಜಿದಾರ. ವಿಚಾರಣೆಗೆ ಹೋಗುವಾಗ ನಾನೂ ಒಂದೆರಡು ಸಲ ಜೊತೆ ಹೋಗಿದ್ದೇನೆ, ಕಾಗದ ಓದಿ ಹೇಳುವುದಕ್ಕೆ. ಅರ್ಜಿಯಲ್ಲಿ ವಕೀಲರು ಬೇಡಿಕೆಯನ್ನು ‘ಜಮೀನಿನ ಪುನರ್‌ಸ್ಥಾಪನೆ’ ಎಂದು ಬರೆದಿದ್ದರು. ‘ಅಂಗಂದ್ರೆ ಏನ್ಲಾ ಮಗ?’ ಅಂದರು ದೊಡ್ಡಪ್ಪ. ಮೊದಲು ಹೆಂಗಿತ್ತೋ ಹಂಗೆ ಮಾಡ್ಕೊಡಿ ಅಂತ, ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದ್ಲಿದ್ದಂಗಾ? ಮೊದ್ಲಿದ್ದಂಗೆ ಬ್ಯಾಡ ಅಂತ ಬರ್ಸು. ಭೂಮಿ ಕೊಡ್ಲಿ ಸಾಕು’ ಅಂದರು. ವಕೀಲರು ನಕ್ಕು, ಕಾಯ್ದೆಯಲ್ಲಿ ಇರುವ ಪದವೇ ಅದು, ಬೇರೆ ಬರೆಯಲು ಬರುವುದಿಲ್ಲ ಎಂದರು. ಮುಂದಿನ ವಾಯಿದೆ ಸಂಕ್ರಾಂತಿ ಕಳೆದ ಮೇಲೆ.